ದೊನಾತಕ್ಕ ಕುಡಿದ ಮೂರು ಗುಟುಕು

ತಲೆಯ ಮೇಲೆ ಗುಡಾಣ. ಹೊಟ್ಟೆಯಲ್ಲಿ ನಿನ್ನೆ ಮಧ್ಯಾಹ್ನ ತಿಂದ ಒಂದು ಗೆಣಸು. ಎದುರಿಗೆ ರುಹಾಮಾ ಬೆಟ್ಟದ ಏರು. ಕಬೂರಾ ಹತ್ತುತ್ತಿದ್ದಳು.

ಅಷ್ಟು ದೊಡ್ಡ ಗುಡಾಣವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಕಣಿವೆಯ ಜೌಗಿನಲ್ಲಿ ಸೊಂಟದವರೆಗೆ ಇಳಿದು ನಾಲ್ಕು ದಿನ ಜೇಡಿಮಣ್ಣು ಅಗೆದಿದ್ದಳು. ಒಡೆದ ಗಡಿಗೆಯ ಹಳೇ ಬೋಕಿಗಳನ್ನು ಕುಟ್ಟಿ ಪುಡಿ ಮಾಡಿ, ಮಣ್ಣಿಗೆ ಬೆರೆಸಿ, ಹಿಮ್ಮಡಿ ಬಿರಿದು ರಕ್ತ ಬರುವಷ್ಟು ತುಳಿದಿದ್ದಳು. ಅವಳ ಜನಕ್ಕೆ ತಿಗರಿ ಇಲ್ಲ. ಮಣ್ಣನ್ನು ಕೈಯಲ್ಲಿ ಹೊಸೆದು ಹುರಿ ಮಾಡಿ ಸುತ್ತಿನ ಮೇಲೆ ಸುತ್ತು ಏರಿಸಬೇಕು. ಗಡಿಗೆ ನಿಂತಲ್ಲೇ ಇರುತ್ತದೆ, ಮಾಡುವವಳು ನಡು ಬಗ್ಗಿಸಿ ಅದರ ಸುತ್ತ ತಿರುಗಬೇಕು. ಮೂರನೇ ದಿನಕ್ಕೆ ಬೆನ್ನು ಕಿತ್ತು ಕೈಗೆ ಬಂದಂತಾಗುತ್ತದೆ.

ಕಬೂರಾ ತ್ವಾ ಹೆಂಗಸು, ಗಡಿಗೆ ಮಾಡಿ ಬದುಕುವ ಜನ. ಬೆಟ್ಟದ ಮೇಲಿನವರು ಹೊಲ ಇದ್ದವರು, ಹಸು ಇದ್ದವರು. ಕೆಳಗೆ ಜೌಗಿನ ಅಂಚಿಗೆ ತ್ವಾಗಳ ಹನ್ನೊಂದು ಗುಡಿಸಲು. ಮೇಲಿನ ಯಾವ ಮನೆಗೆ ಹೋದರೂ ಅನ್ನ ಬೇಯುವುದು, ನೀರು ತಣ್ಣಗಾಗುವುದು, ಜೋಳದ ಹೆಂಡ ಹುಳಿ ಬರುವುದು ತ್ವಾಗಳ ಕೈಯ ಗಡಿಗೆಯಲ್ಲೇ. ಆದರೆ ತುಂಬಿದ ಮೇಲೆ ಆ ಗಡಿಗೆಯನ್ನು ತ್ವಾ ಮುಟ್ಟುವ ಹಾಗಿಲ್ಲ. ಆ ಸೀಮೆಯಲ್ಲಿ ಹೆಂಡವನ್ನು ಲೋಟದಲ್ಲಿ ಹಂಚುವುದಿಲ್ಲ. ಗುಡಾಣದ ಸುತ್ತ ಚಾಪೆ ಹಾಸಿ ಕೂತು, ಒಂದೇ ಜೊಂಡಿನ ಕೊಳವೆಯನ್ನು ಬಾಯಿಂದ ಬಾಯಿಗೆ ದಾಟಿಸಿ ಹೀರುತ್ತಾರೆ. ಕೊಳವೆ ಕೊಟ್ಟರೆ ನೀನು ನೆಂಟ. ತ್ವಾಗಳಿಗೆ ಕೊಳವೆ ಕೊಟ್ಟವರನ್ನು ಯಾರೂ ಕಂಡಿಲ್ಲ. ಅವರು ಹಿತ್ತಲಲ್ಲಿ ಕೂರಬೇಕು. ಬಾಯಿ ಒಡೆದ ಸೋರೆಬುರುಡೆ ಹಿಡಿಯಬೇಕು. ಮೇಲಿಂದ ಸುರಿಯುತ್ತಾರೆ, ತಾಗದ ಹಾಗೆ.

ಕಬೂರಾ ಇದನ್ನೆಲ್ಲ ಬಲ್ಲವಳೇ. ಬಲ್ಲವಳಾಗಿಯೂ ಆ ಬೆಳಗ್ಗೆ ಹಾಡಿಕೊಂಡು ಏರು ಹತ್ತುತ್ತಿದ್ದಳು. ಯಾಕೆಂದರೆ ದೊನಾತಕ್ಕ ಮಾತು ಕೊಟ್ಟಿದ್ದಳು.

ದೊನಾತಾ ಬೆಟ್ಟದ ಮೇಲೆ ಹಂಚಿನ ಮನೆಯವಳು. ಇಗರ್ಜಿಯ ದಯಾಸಂಘದ ಮುಖ್ಯಸ್ಥೆ. ಅವಳ ಮಗಳು ಇನೆಸಳನ್ನು ಕೇಳಿಕೊಂಡು ಗಿತೇಗಾ ಪಟ್ಟಣದ ಕಡೆಯಿಂದ ಗಂಡಿನವರು ಬರುವುದು ಗೊತ್ತಾಗಿತ್ತು. ತಿಂಗಳ ಹಿಂದೆ ಅವಳೇ ಜೌಗಿನ ತನಕ ಇಳಿದು ಬಂದು ಹೇಳಿದ್ದಳು: "ಕಬೂರಾ, ಇಪ್ಪತ್ತು ಜನ ಕೂತು ಕುಡಿಯೋ ಅಂಥ ಗುಡಾಣ ಬೇಕು ಕಣೇ. ನೀನೇ ಮಾಡ್ಬೇಕು."

"ಮಾಡ್ತೀನಕ್ಕ."

"ಗುಡಾಣದ ತುಂಬ ಕಾಳು ಅಳೆದು ಕೊಡ್ತೀನಿ."

ಗಡಿಗೆಗೆ ಬೆಲೆ ಅಂದರೆ ಅದೇ, ಅದರ ತುಂಬ ಕಾಳು. ಆ ಗುಡಾಣದ ತುಂಬ ಕಾಳು ಬಂದರೆ ಮೂರು ತಿಂಗಳ ಊಟ. ಕಬೂರಾ ತಲೆ ಅಲ್ಲಾಡಿಸಿದಳು. "ಕಾಳು ಬ್ಯಾಡಕ್ಕ. ಇನೆಸ್ ನನ್ನ ಮಗಳಿದ್ದಂಗೆ. ಅವತ್ತು ನಿನ್ ಪಕ್ಕ ಒಂದೀಟು ಜಾಗ ಕೊಡು, ಅಷ್ಟೇ ಸಾಕು."

ದೊನಾತಾ ಕಬೂರಾಳ ಮಣ್ಣು ಮೆತ್ತಿದ ಕೈ ಹಿಡಿದುಕೊಂಡಳು. "ಅದೇನು ಕೇಳೋ ಮಾತೇನೆ? ನನ್ ಪಕ್ಕ ಅಲ್ಲದೆ ಇನ್ನೆಲ್ಲಿ ಕೂರ್ತೀಯ ನೀನು?"

ಇದಿಷ್ಟಕ್ಕೇ ಅವಳು ಹಾಡುತ್ತಿದ್ದದ್ದು. ಚಿಕ್ಕತ್ತೆ ನ್ಯಾಂದ್ವಿ, ಹಲ್ಲುದುರಿದ ಮುದುಕಿ, ಗುಡಿಸಲ ಬಾಗಿಲಲ್ಲಿ ಕೂತು ಗೊಣಗಿದ್ದಳು. "ಕಾಳು ಬಿಟ್ಟು ಜಾಗ ಕೇಳಿದ್ಯಂತೆ. ನಿನ್ ತಲೇಲಿರೋದೂ ಜೇಡಿಮಣ್ಣೇ ಕಣೇ."

"ದೊನಾತಕ್ಕ ಬ್ಯಾರೇರಂಗಲ್ಲ ಅತ್ತೆ. ನೀನೇ ನೋಡಿದ್ದೀಯಲ್ಲ ಅವತ್ತು."

ಅವತ್ತು ಅಂದರೆ ಆರು ವರ್ಷದ ಹಿಂದೆ. ಕಬೂರಾಳ ನಾಲ್ಕು ತಿಂಗಳ ಹೆಣ್ಣುಮಗುವಿಗೆ ಜ್ವರ ಬಂದಿತ್ತು. ಬೆನ್ನಿಗೆ ಕಟ್ಟಿಕೊಂಡು ಎರಡು ಬೆಟ್ಟ ದಾಟಿ ಔಷಧಿ ಕೊಡುವ ಮನೆಗೆ ಹೋಗಿದ್ದಳು. ಸಾಲಿನಲ್ಲಿ ನಿಂತಳು. ಹಿಂದೆ ಬಂದವರೆಲ್ಲ ಮುಂದೆ ಹೋದರು. "ನೀನು ಆ ಕಡೆ ನಿಂತ್ಕೊ, ಮಣ್ಣಿನ ವಾಸನೆ" ಎಂದಿದ್ದ ಒಬ್ಬ. ಆ ಕಡೆ ನಿಂತಳು. ಮಧ್ಯಾಹ್ನದ ಹೊತ್ತಿಗೆ ಬೆನ್ನ ಮೇಲಿನ ಬಿಸಿ ಆರಿತು. ಜ್ವರ ಇಳಿಯಿತು ಎಂದುಕೊಂಡಳು ಪಾಪಿ. ಇಳಿದದ್ದು ಜ್ವರ ಅಲ್ಲ.

ತ್ವಾ ಸತ್ತರೆ ಬೆಟ್ಟದಿಂದ ಯಾರೂ ಇಳಿದು ಬರುವುದಿಲ್ಲ. ದೊನಾತಾ ಬಂದಳು. ಒಬ್ಬಳೇ ಬಂದಳು. ಗುಡಿಸಲೊಳಗೆ ಬಗ್ಗಿ ನುಗ್ಗಿ, ಬರೀ ನೆಲದ ಮೇಲೆ ಕೂತು, ಕಬೂರಾಳ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಸಾವಿನ ಮನೆಯಲ್ಲಿ ಇಟ್ಟಿದ್ದ ಸಣ್ಣ ಗಡಿಗೆಯ ಹೆಂಡ ಎದುರಿಗಿತ್ತು. ಕಬೂರಾ ಕುಡಿಯುತ್ತಿದ್ದ ಕೊಳವೆ ಅದರಲ್ಲಿ ನಿಂತಿತ್ತು. ದೊನಾತಾ ಅದನ್ನೇ ಎತ್ತಿ ಬಾಯಿಗಿಟ್ಟು ಮೂರು ಗುಟುಕು ಕುಡಿದಳು. ನ್ಯಾಂದ್ವಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಆ ಮೂರು ಗುಟುಕಿನ ಮೇಲೆ ಕಬೂರಾ ಆರು ವರ್ಷ ಬದುಕಿದಳು. ಉತ್ಪ್ರೇಕ್ಷೆ ಅಲ್ಲ. ಮಗು ಹೋದ ಮೇಲೆ ಜೌಗಿಗೆ ಇಳಿದು ಮೇಲೇಳಬಾರದು ಎಂದು ಎಷ್ಟೋ ಸಲ ಅನ್ನಿಸಿತ್ತು. ಆಗೆಲ್ಲ ನೆನಪಾಗುತ್ತಿದ್ದದ್ದು ಅದೇ. ಲೋಕದಲ್ಲಿ ಒಬ್ಬಳಿದ್ದಾಳೆ, ನನ್ನ ಜೊತೆ ಒಂದೇ ಕೊಳವೆಯಲ್ಲಿ ಕುಡಿದವಳು. ಆ ಋಣಕ್ಕೆ ದೊನಾತಾಳ ಹೊಲದ ಕಳೆ ಕಿತ್ತಳು. ದೊನಾತಾ ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದಾಗ ಮೈ ಒರೆಸಿದಳು, ಹೇಲುಚ್ಚೆ ಬಳಿದಳು. ಆ ಎರಡು ತಿಂಗಳಲ್ಲಿ ಒಂದು ದಿನವೂ ಇವಳ ಕೈಯ ನೀರನ್ನು ದೊನಾತಾ ಕುಡಿಯಲಿಲ್ಲ. "ಈಗ ಬೇಡ ಕಣೇ, ಹಲ್ಲು ನೋವು" ಅನ್ನುತ್ತಿದ್ದಳು. ಎರಡು ತಿಂಗಳು ಹಲ್ಲು ನೋವು! ಕಬೂರಾ ನಂಬಿದಳು. ನಂಬಬೇಕು ಅನ್ನುವವರಿಗೆ ಏನು ಹೇಳಿದರೂ ಸಾಕು.

ಗುಡಾಣವನ್ನು ಹಂಚಿನ ಮನೆಯಲ್ಲಿ ಇಳಿಸಿ ಬಂದ ಹತ್ತು ದಿನಕ್ಕೆ ಗಂಡಿನವರು ಬರುವ ದಿನ ಬಂತು.

ಕಬೂರಾ ಇದ್ದ ಒಂದೇ ಒಳ್ಳೆಯ ಬಟ್ಟೆಯನ್ನು ಹಿಂದಿನ ದಿನವೇ ಒಗೆದು ಒಣಗಿಸಿದ್ದಳು. ಉಗುರ ಸಂದಿಯ ಮಣ್ಣನ್ನು ಮುಳ್ಳಿನಿಂದ ಕೆರೆದು ಕೆರೆದು ತೆಗೆದಳು, ರಕ್ತ ಬಂತು, ಮಣ್ಣು ಪೂರಾ ಹೋಗಲಿಲ್ಲ. ಮೈಗೆ ತಾಳೆ ಎಣ್ಣೆ ಹಚ್ಚಿಕೊಂಡಳು.

"ಹೋಗ್ಬ್ಯಾಡ" ಅಂದಳು ನ್ಯಾಂದ್ವಿ.

"ಬಂದು ಹೇಳ್ತೀನಿ ಇರು, ಯಾರ್‌ಯಾರು ನನ್ ಪಕ್ಕ ಕೂತಿದ್ರು ಅಂತ."

ಅಂಗಳದ ಬೇಲಿ ಬಾಗಿಲಲ್ಲೇ ದೊನಾತಾಳ ನಾದಿನಿ ಎದುರಾದಳು. ಮುಖ ನೋಡಲಿಲ್ಲ, ಕೈ ತೋರಿಸಿದಳು. "ಬಂದ್ಯಾ? ಹಿತ್ಲಿಗೆ ಹೋಗು. ನೀರು ಸಾಲ್ತಿಲ್ಲ."

"ದೊನಾತಕ್ಕ..."

"ಅವಳಿಗೆ ಪುರುಸೊತ್ತಿಲ್ಲ. ಹೋಗ್ ಹೋಗು."

ಸರಿ, ಹೆಣ್ಣಿನ ಮನೆಯ ಕೆಲಸ, ಮನೆಯವಳಾಗಿ ನಾನೇ ಮಾಡಬೇಕಲ್ಲ. ಹಾಗಂದುಕೊಂಡು ಕಬೂರಾ ಹಿತ್ತಲಿಗೆ ಹೋದಳು. ಒಳ್ಳೆಯ ಬಟ್ಟೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತ್ರೆ ತೊಳೆಯಲು, ನೀರು ಉಕ್ಕುವ ಊಟೆಯಿಂದ ಏಳು ಕೊಡ ಹೊತ್ತಳು. ಮಸಿ ಹಿಡಿದ ಕಡಾಯಿ ತಿಕ್ಕಿದಳು. ಸೌದೆ ಸೀಳಿದಳು. ಹಚ್ಚಿಕೊಂಡ ಎಣ್ಣೆಯ ಮೇಲೆ ಬೂದಿ ಕೂತಿತು. ಬೇಲಿಯ ಆಚೆ ಗಂಡಿನವರು ಬಂದ ಸದ್ದು, ಚಪ್ಪಾಳೆ, ಹಸುಗಳನ್ನು ಹೊಗಳುವ ಮಾತು. ಅವಳ ಕಿವಿಯೆಲ್ಲ ಅತ್ತಲೇ. ಈಗ ಕರೀತಾಳೆ. ಮಾತು ಮುಗೀಲಿ, ಆಮೇಲೆ ಕರೀತಾಳೆ. ಹೆಂಡ ತೆಗೆಯುವಾಗ ಕರೀತಾಳೆ.

ಹೆಂಡ ತೆಗೆದರು. ನಾದಿನಿ ಹಿತ್ತಲಿಗೆ ಬಂದು ನೆಲದ ಮೇಲೆ ಒಂದು ಸೋರೆಬುರುಡೆ ಉರುಳಿಸಿದಳು. ಬಾಯಿ ಒಡೆದದ್ದು. "ಹಿಡಿ" ಎಂದಳು. ಕಬೂರಾಳ ಕೈ ತಾನಾಗಿ ಹೋಯಿತು, ಹುಟ್ಟಿದಾಗಿನಿಂದ ಹಿಡಿದ ಕೈ. ಮೊಳ ಎತ್ತರದಿಂದ ಹೆಂಡ ಬಿತ್ತು. ಅರ್ಧ ಒಳಗೆ, ಅರ್ಧ ಮುಂಗೈ ಮೇಲೆ.

"ದೊನಾತಕ್ಕಂಗೆ ಗೊತ್ತಾ ನಾನು ಇಲ್ಲಿರೋದು?"

"ಅವಳೇ ಕಳ್ಸಿದ್ದು. ಪಾಪ, ಬಿಸಿಲಲ್ಲಿ ಕೆಲಸ ಮಾಡ್ತಿದ್ದಾಳೆ, ಕೊಟ್ಟು ಬಾ ಅಂದ್ಲು."

ಪಾಪ. ಆ ಮಾತು ಕಬೂರಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಆದರೂ ನೋಡಿ ಅವಳ ಹುಚ್ಚು, ಆಗಲೂ ಅವಳು ಎದ್ದು ಹೋಗಲಿಲ್ಲ. ಸೋರೆಬುರುಡೆಯನ್ನು ಪಕ್ಕಕ್ಕಿಟ್ಟು ಕಾದಳು.

ಆಗ ಬೇಲಿಯ ಆಚೆಯಿಂದ ಗಂಡಿನ ಕಡೆಯ ಹಿರಿಯನ ದನಿ ಕೇಳಿಸಿತು. "ನಮ್ ಹುಡುಗನ ಪುಣ್ಯ ಬಿಡಿ. ಈ ತಾಯಿ ಹೆಸರು ನಮ್ ಇಗರ್ಜೀಲೂ ಹೇಳ್ತಾರೆ. ತ್ವಾಗಳ ಮನೇಲಿ ಕುಡಿದ ತಾಯಿ ನೀವೇ ಅಂತಲ್ಲ? ನಿಮ್ ಬಾಯಿಂದಾನೇ ಕೇಳ್ಬೇಕು."

"ಅಯ್ಯೋ, ಅದೇನು ದೊಡ್ಡದು" ಅಂದಳು ದೊನಾತಾ.

"ಹೇಳ್ರೀ, ಹೇಳ್ರೀ" ಎಂದರು ಎಲ್ಲರೂ.

ದೊನಾತಾ ಹೇಳಿದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಅಂತ ಅವಳಿಗೆ ಗೊತ್ತಿತ್ತು. ಎಷ್ಟೋ ಸಲ ಹೇಳಿ ಪಳಗಿದ ಕಥೆ.

"ಆ ವರ್ಷ ಉಪವಾಸದ ತಿಂಗಳು. ಪಾದ್ರಿಗಳು ಹೇಳಿದ್ರು, ನಿಮಗೆ ಅತೀ ಕಷ್ಟ ಅನ್ನೋ ಅಂಥದ್ದು ಒಂದು ದೇವರಿಗೋಸ್ಕರ ಮಾಡಿ ಅಂತ. ನಾನು ಎಷ್ಟೋ ದಿನ ಯೋಚನೆ ಮಾಡ್ದೆ. ಆಗ ಕೆಳಗಡೆ ಒಬ್ಬಳು ತ್ವಾ ಹೆಂಗಸಿನ ಕೂಸು ಸತ್ತಿದೆ ಅಂತ ಗೊತ್ತಾಯ್ತು. ದೇವರೇ ತೋರಿಸಿದ ದಾರಿ ಅಂದ್ಕೊಂಡೆ. ಹೋದೆ. ಅಬ್ಬಾ, ಆ ಗುಡಿಸಲು, ಆ ವಾಸನೆ! ಅವಳು ಬಾಯಿಟ್ಟ ಕೊಳವೆ, ಜೊಲ್ಲು ಹಂಗೇ ಇತ್ತು. ಕಣ್ಣು ಮುಚ್ಕೊಂಡು, ಸ್ವಾಮೀ ಇದು ನಿನ್ನ ಪಾತ್ರೆ ಅಂದ್ಕೊಂಡು, ಮೂರು ಸಲ ಕುಡಿದೆ. ತಂದೆಗೊಂದು, ಮಗನಿಗೊಂದು, ಪವಿತ್ರಾತ್ಮನಿಗೊಂದು."

"ಅಬ್ಬಬ್ಬಾ!" ಅಂದರು ಹೆಂಗಸರು.

"ಬರ್ತಾ ದಾರೀಲಿ ಕರುಳು ಕಿತ್ತು ಬರೋ ಹಾಗೆ ಕಕ್ಕಿದೆ. ಊಟೆ ಹತ್ರ ಕೂತು ಬೂದಿ ಹಾಕಿ ಬಾಯಿ ತಿಕ್ಕಿದೆ. ಆದರೆ ಕುಡಿದೆ ನೋಡಿ!"

ನಕ್ಕರು. ನಿಟ್ಟುಸಿರಿಟ್ಟರು. ಯಾರೋ "ದೊಡ್ಡ ಮನಸ್ಸು" ಎಂದರು.

ಹಿತ್ತಲಲ್ಲಿ ಕಬೂರಾ ನಿಂತೇ ಇದ್ದಳು. ತಲೆಯನ್ನು ಎದೆಗೊತ್ತಿಕೊಂಡ ಆ ಕೈಗಳು, ಆ ಕಣ್ಣೀರು, ಎಲ್ಲವೂ ಕಣ್ಣೆದುರೇ ಬಂದವು. ತಾನು ಮಗುವಿನ ಹೆಣದ ಮುಂದೆ ಕೂತಿದ್ದಾಗ ಇವಳು ಗುಟುಕು ಎಣಿಸುತ್ತಿದ್ದಳು. ಆರು ವರ್ಷ. ಬಳಿದ ಹೇಲು, ಕಿತ್ತ ಕಳೆ. ಥೂ, ನನ್ನ ಜನ್ಮಕ್ಕಿಷ್ಟು! ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ.

ಬೇಲಿ ದಾಟಿ ಅಂಗಳಕ್ಕೆ ಬಂದಳು.

ಚಾಪೆಗಳ ಮೇಲೆ ಇಪ್ಪತ್ತು ಜನ. ನಡುವೆ ಅವಳ ಗುಡಾಣ. ಮೊದಲು ನೋಡಿದವನು ಗಂಡಿನ ಕಡೆಯ ಒಬ್ಬ ಯುವಕ. "ಓ! ತ್ವಾ ಹೆಂಗಸು ಬಂದ್ಲು! ಒಂದು ಕುಣಿತ ಆಗ್ಲಿ, ಚಪ್ಪಾಳೆ ಹಾಕ್ರೋ!" ಮದುವೆ ಹಬ್ಬಕ್ಕೆ ತ್ವಾಗಳು ಕುಣಿದು ನಗಿಸುವುದು ವಾಡಿಕೆ. ನಾಲ್ಕು ಜನ ಚಪ್ಪಾಳೆ ಶುರು ಮಾಡಿದರು.

"ಕುಣಿಯಾಕೆ ಬಂದಿಲ್ಲ" ಎಂದಳು ಕಬೂರಾ. "ಆ ತ್ವಾ ಹೆಂಗಸು ನಾನೇ. ಕಥೇಲಿದ್ದೋಳು."

ಚಪ್ಪಾಳೆ ನಿಂತಿತು. ದೊನಾತಾಳ ಮುಖದ ಬಣ್ಣ ಇಳಿಯಿತು. "ಕಬೂರಾ, ನೀನು ಹಿತ್ತಲಲ್ಲಿ... ಆಮೇಲೆ ಮಾತಾಡಣ ಕಣೇ."

"ನಿನ್ ಪಕ್ಕ ಅಲ್ಲದೆ ಇನ್ನೆಲ್ಲಿ ಕೂರ್ತೀಯ ಅಂದಿದ್ದೆ. ಬಂದೆ. ಎಲ್ಲೈತೆ ಜಾಗ?"

ನಾದಿನಿ ಎದ್ದಳು. "ಏಯ್, ಬಾಯಿಗೆ ಬಂದಂಗೆ ಮಾತಾಡ್ತೀಯಾ? ನಡಿ ಆಚೆ!"

"ನೀ ಸುಮ್ಕಿರು. ನಾನು ಅಕ್ಕನ್ನ ಕೇಳ್ತಿದ್ದೀನಿ." ಕಬೂರಾ ಗುಡಾಣದ ಕಡೆ ಕೈ ತೋರಿಸಿದಳು. "ನನ್ ಜೊಲ್ಲಿನ ಮಾತು ಆಡಿದ್ಯಲ್ಲಕ್ಕ. ಹಸಿ ಗುಡಾಣದ ಬಾಯಿ ಬಿರುಕು ಬಿಟ್ರೆ ನಾವೇನ್ ಹಚ್ತೀವಿ ಗೊತ್ತಾ? ಹೆಬ್ಬೆಟ್ಟು ನೆಕ್ಕಿ ಉಗುಳಲ್ಲಿ ಒರೆಸ್ತೀವಿ. ನಮ್ಮವ್ವನೂ ಹಂಗೇ ಮಾಡಿದ್ದು, ಅವಳವ್ವನೂ ಹಂಗೇ. ನೀವೆಲ್ಲ ಹುಟ್ಟಿದಾಗಿಂದ ಕುಡೀತಿರೋದು ಅದನ್ನೇ. ಯಾವತ್ತು ಕಕ್ಕಿದ್ರಿ?"

ಕೊಳವೆ ಹಿಡಿದಿದ್ದ ಹಿರಿಯ ಅದನ್ನು ಬಾಯಿಂದ ತೆಗೆದ. ಒಬ್ಬಿಬ್ಬರು ಹೆಂಗಸರು ತುಟಿ ಒರೆಸಿಕೊಂಡರು.

ದೊನಾತಾ ಎದ್ದಳು. ಅವಳ ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ. "ನಂಗೆ ಕಷ್ಟ ಆಯ್ತು ಕಣೇ, ಸುಳ್ಳು ಹೇಳಲ್ಲ. ಹುಟ್ಟಿದಾಗಿಂದ ಕಲಿಸಿದ್ದು, ಮೈ ಒಪ್ಪಲಿಲ್ಲ. ಅಷ್ಟು ಕಷ್ಟ ಆದ್ರೂ ಕುಡಿದೆನಲ್ಲ, ಅದು ಪ್ರೀತಿ ಅಲ್ವೇನೆ?"

"ಅವತ್ತು ನಂಗೆ ಸಂಕಟ ಇತ್ತಕ್ಕ. ನಿಂಗೆ ವಾಕರಿಕೆ ಇತ್ತು. ಎರಡೂ ಒಂದೇ ಅಂತ ನಾನು ಆರು ವರ್ಷ ತಿಳ್ಕೊಂಡಿದ್ದೆ."

ದೊನಾತಾ ಹಿರಿಯನ ಕೈಯಿಂದ ಕೊಳವೆ ತೆಗೆದುಕೊಂಡಳು. ಎಲ್ಲರೂ ನೋಡುತ್ತಿದ್ದ ಹಾಗೇ ಚಾಪೆ ದಾಟಿ ಬಂದು ಕಬೂರಾಳ ಮುಂದೆ ಮಂಡಿಯೂರಿದಳು. ಎರಡೂ ಕೈಯಲ್ಲಿ ಕೊಳವೆ ಚಾಚಿದಳು. "ತಪ್ಪಾಯ್ತು. ಬಾ, ಎಲ್ಲರ ಮುಂದೆ ಕುಡಿ. ನೀನು ಕುಡಿದದ್ದನ್ನ ನಾನೂ ಕುಡೀತೀನಿ."

"ಎಂಥಾ ತಾಯಿ ಅಪ್ಪಾ!" ಎಂದು ಯಾರೋ ಉದ್ಗರಿಸಿದರು. "ಮಂಡಿ ಊರಿದ್ಲಲ್ಲ, ಒಬ್ಬಳು ತ್ವಾಗೆ!"

ಬೆಳಗಿನಿಂದ ಕಬೂರಾಳ ಗಂಟಲಿಗೆ ಒಂದು ತೊಟ್ಟು ನೀರೂ ಇಳಿದಿರಲಿಲ್ಲ. ಆರು ವರ್ಷ ಬೇಡಿದ್ದು ಕೈಯಳತೆಯಲ್ಲಿತ್ತು, ಇಪ್ಪತ್ತು ಜನರ ಮುಂದೆ, ಕೊಳವೆ ತೆಗೆದುಕೊಂಡು ಗುಡಾಣದ ಪಕ್ಕ ಕೂತು ಬಾಯಿ ಇಟ್ಟರೆ ಆಯಿತು. ನ್ಯಾಂದ್ವಿಗೆ ಹೋಗಿ ಹೇಳಬಹುದಿತ್ತು. ಆದರೆ ಆ "ಎಂಥಾ ತಾಯಿ" ಅನ್ನುವ ಮಾತು ಅವಳ ಕಿವಿಗೆ ಬಿದ್ದಿತ್ತು. ಇದೂ ಬರುವ ಭಾನುವಾರ ಇಗರ್ಜಿಯಲ್ಲಿ ಕಥೆಯಾಗುತ್ತದೆ. ಮಂಡಿ ಊರಿದ ಕಥೆ.

"ಬ್ಯಾಡ" ಎಂದಳು.

"ಕಬೂರಾ!"

"ಬ್ಯಾಡ ಅಂದೆ. ನಿನ್ ಪುಣ್ಯಕ್ಕೆ ನನ್ ಬಾಯಿ ಕೊಡಲ್ಲ. ಏಳಕ್ಕ ಮ್ಯಾಲೆ."

ದೊನಾತಾ ಏಳಲಿಲ್ಲ. ಕೊಳವೆ ಚಾಚಿದ ಕೈ ಹಾಗೇ ಇತ್ತು. ಯಾರೋ ಗೊಣಗಿದರು, "ಎಷ್ಟು ಕೊಬ್ಬು ನೋಡು ಇವಳಿಗೆ. ಕೊಟ್ರೂ ಒಲ್ಲೆ ಅಂತಾಳೆ."

"ಒಂದು ಕೇಳ್ತೀನಿ" ಎಂದಳು ಕಬೂರಾ. ದನಿ ಈಗ ಸಣ್ಣಗಿತ್ತು. "ಅವತ್ತು ನಮ್ಮನೇಲಿ ಸತ್ತಿದ್ದು ಯಾರು?"

"ನಿನ್ನ ಮಗು ಕಣೇ."

"ಹೆಸ್ರು ಹೇಳು."

ದೊನಾತಾ ಬಾಯಿ ತೆರೆದಳು. ನಾದಿನಿಯ ಕಡೆ ನೋಡಿದಳು, ಇನೆಸಳ ಕಡೆ ನೋಡಿದಳು. ಊರೂರಿನ ಇಗರ್ಜಿಗಳಲ್ಲಿ ಆರು ವರ್ಷ ಈ ಕಥೆ ಹೇಳಿದವಳು. ವಾಸನೆ ನೆನಪಿತ್ತು, ಜೊಲ್ಲು ನೆನಪಿತ್ತು, ಗುಟುಕಿನ ಲೆಕ್ಕ ನೆನಪಿತ್ತು. ಹೆಸರು ನೆನಪಿರಲಿಲ್ಲ ಅಂತಲ್ಲ, ಅವಳು ಯಾವತ್ತೂ ಕೇಳಿಯೇ ಇರಲಿಲ್ಲ. ಕೊಳವೆ ಹಿಡಿದ ಕೈ ನಿಧಾನವಾಗಿ ತೊಡೆಯ ಮೇಲೆ ಇಳಿಯಿತು.

ಗಂಡಿನ ಕಡೆಯ ಹಿರಿಯ ಗಂಟಲು ಸರಿಮಾಡಿಕೊಂಡ. ಮೃದುವಾಗಿಯೇ ಹೇಳಿದ, "ನೀನೇ ಹೇಳವ್ವ ಆ ಕೂಸಿನ ಹೆಸರು. ನಾವೆಲ್ಲ ಸೇರಿ ಪ್ರಾರ್ಥನೆ ಮಾಡ್ತೀವಿ."

ಕಬೂರಾ ಅವನನ್ನು ನೋಡಿದಳು. ಚಾಪೆಯ ಮೇಲಿದ್ದ ಒಬ್ಬೊಬ್ಬರನ್ನೂ ನೋಡಿದಳು.

"ಬ್ಯಾಡ ಸ್ವಾಮಿ. ನನ್ ಮಗಳ ಹೆಸ್ರು ನಿಮ್ ಬಾಯಿಗೆ ಬೀಳೋದು ಬ್ಯಾಡ. ಮೈಲಿಗೆ ಆಗ್ತದೆ."

ಹೇಳಿ ಹೊರಟಳು. ಯಾರೂ ತಡೆಯಲಿಲ್ಲ. ಇಳಿಜಾರಿನ ಉದ್ದಕ್ಕೂ ಅವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಗುಡಿಸಲಿಗೆ ಬಂದವಳು ನ್ಯಾಂದ್ವಿಯ ಪಕ್ಕ ನೆಲದ ಮೇಲೆ ಕೂತಳು. ಆ ಸಾವನ್ನು ತಾನೂ ದೊನಾತಕ್ಕನೂ ಇಬ್ಬರೂ ಹೊತ್ತಿದ್ದೇವೆ ಎಂದು ಕಬೂರಾ ಇಷ್ಟು ವರ್ಷ ನಂಬಿದ್ದಳು. ಅವತ್ತು ಅದನ್ನು ಒಬ್ಬಳೇ ಹೊತ್ತು ಅತ್ತಳು, ಮಗು ಆಗತಾನೇ ಸತ್ತ ಹಾಗೆ.